ಫೋನಿನೊಳಗಿನ ಹೊಲಿಗೆ ಕ್ಲಾಸು

ಜನ ಫೋನಿನಲ್ಲೇ ಬಟ್ಟೆ ತರಿಸಿಕೊಳ್ಳತೊಡಗಿದ ಮೇಲೆ ಟೈಲರಕ್ಕನ ಅಂಗಡಿಗೆ ಗಿರಾಕಿಗಳು ಅಪರೂಪವಾದರು. ಸರಿ, ತಾನೂ ಫೋನಿನಲ್ಲೇ ಹೊಲಿಗೆ ಕಲಿಸೋಣ ಎಂದು ಅಕ್ಕ ಹೊರಟಳು. ಮೊದಲ ಪಾಠ ಹಿಡಿಸದಿದ್ದರೆ ನಾಳೆ ಯಾರೂ ಬರುವುದಿಲ್ಲ ಎಂದು ಒಳಗೊಳಗೇ ಪುಕಪುಕ. ಮುಖಕ್ಕೆ ಪೌಡರ್ ಹಚ್ಚಿ, ನೂಲಿನ ಡಬ್ಬಕ್ಕೆ ಫೋನ್ ಒರಗಿಸಿ, ಮಿಷನ್ ಮುಂದೆ ಕೂತಳು.

"ಅಕ್ಕಾ, ಕಾಲರ್ ತಿರುಗಿಸೋದು ತಿಳೀತಾನೇ ಇಲ್ಲ," ಎಂದಳು ಫೋನಿನೊಳಗಿನ ಹುಡುಗಿಯೊಬ್ಬಳು.

"ಕೊಡೇ ಇಲ್ಲಿ ಕೈ!"

ಅಂಗಡಿಯಲ್ಲಿ ಎಲ್ಲರಿಗೂ ಕೈ ಹಿಡಿದೇ ಕಲಿಸಿದ್ದ ಅಕ್ಕ ಅದೇ ಅಭ್ಯಾಸದಲ್ಲಿ ಕೈ ಚಾಚಿಬಿಟ್ಟಳು. ಬೆರಳು ತಗುಲಿ ಫೋನ್ ಮಗುಚಿತು. ಹಿಂದೆ ನಿಂತು ಇಸ್ತ್ರಿ ಮಾಡುತ್ತಿದ್ದ ಗಂಡ ಓಡಿಬಂದು ಅದನ್ನೆತ್ತಿ, ಅವಳ ಭುಜದ ಮೇಲಿನಿಂದ ಮಿಷನ್ನಿನತ್ತ ಹಿಡಿದ.

"ಅಣ್ಣಾ, ಹಾಗೇ ಹಿಡ್ಕೊಂಡಿರಿ! ಈಗ ಅಕ್ಕನ ಬೆರಳು ಕಾಣ್ತಿವೆ. ಇಷ್ಟೊತ್ತೂ ಬರೀ ಮುಖ ನೋಡ್ತಿದ್ವಿ!"

ಎಲ್ಲರ ಕಾಲರೂ ನೆಟ್ಟಗೆ ತಿರುಗಿತು. "ನಾಳೆ ಎಷ್ಟೊತ್ತಿಗೆ ಅಕ್ಕಾ?" ಎಂದು ಕೇಳಿಕೊಂಡೇ ಹೋದರು.

"ಪೌಡರ್ ದಂಡ ಆಯ್ತಲ್ಲೇ," ಗಂಡ ಕಿಚಾಯಿಸಿದ.

"ಆಗ್ಲಿ ಬಿಡಿ. ನಾಳೆ ಮಾತ್ರ ಹೊಟ್ಟೆ ತುಂಬ ಉಂಡು ಬನ್ನಿ. ಕ್ಲಾಸ್ ನಿಂತಿರೋದೇ ನಿಮ್ಮ ಕೈ ಮೇಲೆ," ಎನ್ನುತ್ತಾ ಅಕ್ಕ ಅವನ ಸೋತ ತೋಳನ್ನು ಮೆಲ್ಲಗೆ ನೀವಿದಳು.