ನೂರಕ್ಕೆ ನಲವತ್ತು ಎಂದವರು

"ಖಂಡಿತ" ಎಂಬ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ಮಾತುಗಳನ್ನೂ ಆಡಬಲ್ಲವರಾಗಿದ್ದರು ನಮ್ಮ ಕೆಳಮನೆಯ ಹಿರಿಯರು. ಮಳೆ ಬರುತ್ತದೆಯೇ ಎಂದು ಕೇಳಿದರೆ ಮುಗಿಲನ್ನೊಮ್ಮೆ ನೋಡಿ, ಗದ್ದ ಕೆರೆದುಕೊಂಡು, "ನೂರಕ್ಕೆ ಮೂವತ್ತು" ಎನ್ನುವರು. ಎದುರುಮನೆಯ ಹುಡುಗಿಗೆ ಕೆಲಸ ಸಿಗುತ್ತದೆಯೇ ಎಂದರೆ "ಈ ಸಲ ನೂರಕ್ಕೆ ಇಪ್ಪತ್ತು, ಇನ್ನೊಂದು ಸಲ ಹೋದರೆ ನಲವತ್ತು" ಎನ್ನುವರು. ಕಟ್ಟಡದ ಮಕ್ಕಳು ಅವರಿಗೆ "ನೂರಕ್ಕಿಷ್ಟು ತಾತ" ಎಂದೇ ಹೆಸರಿಟ್ಟಿದ್ದವು. ಅವರನ್ನು ಕೆಣಕಲೆಂದೇ ಒಂದು ದಿನ ನಾನು, "ನಾಳೆ ಸೂರ್ಯ ಹುಟ್ಟೋದಾದ್ರೂ ಗ್ಯಾರಂಟಿನಾ ಯಜಮಾನ್ರೇ?" ಎಂದೆ. "ತೊಂಬತ್ತೊಂಬತ್ತು" ಎಂದರು. "ಆ ಉಳಿದ ಒಂದು?" "ಅದು ನಮ್ಮ ಪಾಲಿಂದಪ್ಪ. ಅವನು ಹುಟ್ಟಿದರೂ ನಾವು ಏಳದೆ ಇರಬಹುದಲ್ಲ." ಇಷ್ಟು ಹೇಳಿ, ನಗದೆ, ಕೊಡೆ ಊರಿಕೊಂಡು ಹೊರಟೇಹೋದರು.

ಮೂವತ್ತೊಂದು ವರ್ಷ ಅವರು ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಪರೀಕ್ಷಕರಾಗಿದ್ದವರು. ಪ್ರತಿ ಪಾಳಿಯಲ್ಲಿ ತಯಾರಾದ ಕಡ್ಡಿಯ ರಾಶಿಯಿಂದ ಅಲ್ಲೊಂದು ಇಲ್ಲೊಂದು ಎಂದು ನೂರು ಕಡ್ಡಿ ಆಯ್ದು, ಒಂದೊಂದನ್ನೇ ಗೀರಿ, ಎಷ್ಟು ಹೊತ್ತಿಕೊಂಡವು, ಎಷ್ಟರ ತಲೆ ಹಾರಿತು, ಎಷ್ಟು ಬರಿದೇ ಹೊಗೆಯುಗುಳಿ ಸತ್ತವು ಎಂದು ಬರೆದಿಡುವುದೇ ಅವರ ವೃತ್ತಿ. ಅದರ ಗುರುತಾಗಿ ಬಲಗೈಯ ಹೆಬ್ಬೆರಳು ತೋರುಬೆರಳುಗಳ ತುದಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಚಿಟಿಕೆ ಹೊಡೆದರೆ ಮರದ ತುಂಡುಗಳು ತಾಕಿದಂತೆ ಸದ್ದಾಗುತ್ತಿತ್ತು. ಕಾರ್ಖಾನೆ ಕೊಟ್ಟಿದ್ದ ಖಾಕಿ ಕೋಟನ್ನು ನಿವೃತ್ತಿಯ ನಂತರವೂ ಬಿಟ್ಟವರಲ್ಲ; ಐದು ಗುಂಡಿಗಳಲ್ಲಿ ಮೂರು ಬೇರೆ ಬೇರೆ ಬಟ್ಟೆಗಳಿಂದ ವಲಸೆ ಬಂದವು. ಮೆಟ್ಟಿಲು ಹತ್ತುವಾಗ ಒಂದು ಕಾಲನ್ನು ಮುಂದಿಟ್ಟು, ಮೊಣಕಾಲಿನ ಅನುಮತಿ ಕೇಳುವವರಂತೆ ತುಸು ನಿಂತು, ಆಮೇಲೆ ಇನ್ನೊಂದನ್ನು ತರುವರು. ಸ್ವಂತ ಒಲೆ ಹಚ್ಚುವಾಗ ಮೊದಲ ಕಡ್ಡಿ ಹೊತ್ತದೆ ಹೋದರೆ, ಸಭೆಯಲ್ಲಿ ತನ್ನ ಮಗ ತಪ್ಪು ಮಾತಾಡಿದನೇನೋ ಎಂಬಂತೆ ಮುಖ ತಗ್ಗಿಸುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಅಡುಗೆ ಅವರದೇ. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎಂಬ ಗಾದೆಯಂಥ ಮಾತಿದೆಯಲ್ಲ, ಅದರ ಮೇಲೆ ಅವರಿಗೆ ಬದ್ಧದ್ವೇಷ. "ಒಂದಗುಳು ನಂಬಿ ಕೆಟ್ಟ ಮನೆ ಎಷ್ಟೋ! ತಳದ್ದೊಂದು, ನಡುವಿನದೊಂದು, ಅಂಚಿನದೊಂದು. ಮೂರು ನೋಡಬೇಕು. ಅಂಚಿನದು ಯಾವಾಗಲೂ ಹಿಂದೆ ಬಿದ್ದಿರುತ್ತೆ ಪಾಪ, ಅದನ್ನ ಯಾರೂ ಕೇಳಲ್ಲ" ಎಂದು ಅನ್ನದ ಪರವಾಗಿ ವಕಾಲತ್ತು ವಹಿಸುವರು. ನಾನು ಲೇತಿನ ಮುಂದೆ ಬೆಳೆದವನು. ಐದನೆಯ ತರಗತಿಗೆ ಶಾಲೆ ಬಿಟ್ಟು ಕಬ್ಬಿಣ ಕಡೆಯಲು ನಿಂತವನು. ನಮ್ಮ ಕಸುಬಿನಲ್ಲಿ ಕಡೆದ ಬುಷ್ ಅಚ್ಚಿಗೆ ಒಂದೋ ಕೂರುತ್ತದೆ, ಇಲ್ಲವೇ ಕೂರುವುದಿಲ್ಲ. ನೂರಕ್ಕೆ ನಲವತ್ತು ಕೂರುವ ಬುಷ್ಷನ್ನು ಗಿರಾಕಿ ನನ್ನ ಮುಖಕ್ಕೇ ಎಸೆಯುತ್ತಾನೆ. ಹಾಗಾಗಿ ಅವರ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ಊರಿಗೆ ಊರೇ ಜ್ವರದಲ್ಲಿ ಬಿತ್ತು. ನನ್ನ ಹೆಂಡತಿಯೂ ಮಲಗಿದಳು, ಹತ್ತು ದಿನಕ್ಕೆ ಎದ್ದಳು. ಆದರೆ ಜ್ವರ ಹೋಗುವಾಗ ಅವಳ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕೊಂಡೊಯ್ದಿತ್ತು. ಒಗ್ಗರಣೆಯ ಸದ್ದಿನಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳಬಲ್ಲಳೇನೋ ಎಂಬಂಥ ಕೈ ಅವಳದು. ಅಂಥವಳು ಒಂದು ಮಧ್ಯಾಹ್ನ ಒಲೆಯ ಮೇಲೆ ಬೇಳೆ ಹೊತ್ತಿ ಕರಕಲಾಗಿ ಹೊಗೆ ಕಿಟಕಿಯಿಂದಾಚೆ ಹೋಗುತ್ತಿದ್ದರೂ ಪಕ್ಕದಲ್ಲೇ ಬೆನ್ನು ತಿರುಗಿಸಿ ಕೂತು ಸೊಪ್ಪು ಸೋಸುತ್ತಿದ್ದಳು. ಅಕ್ಕಪಕ್ಕದವರು ನೀರು ಹಿಡಿದು ಓಡಿಬಂದರು. ಅಂದಿನಿಂದ ಅವಳು ಒಲೆಯ ಹತ್ತಿರ ಹೋಗಲಿಲ್ಲ. ತಿನ್ನುವುದೂ ನಿಂತಿತು. "ಮಣ್ಣು ಅಗಿದ ಹಾಗಾಗುತ್ತೆ" ಎಂದು ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಎರಡು ತಿಂಗಳಲ್ಲಿ ಕೈಬಳೆ ಮೊಣಕೈವರೆಗೆ ಜಾರುವಂತಾಯಿತು. ಡಾಕ್ಟರು "ವಾಸನೆ ರುಚಿ ಬರಬಹುದು, ಕಾಯಿರಿ; ಆದರೆ ಊಟ ಬಿಟ್ಟರೆ ಆಕೆಯೇ ಉಳಿಯೋದು ಕಷ್ಟ" ಎಂದರು.

ಆಗ ನಾನೊಂದು ಏರ್ಪಾಟು ಮಾಡಿದೆ. ಮನೆಗೆ ಬಂದವರೆಲ್ಲ ಅವಳಿಗೆ "ಖಂಡಿತ ಬಂದೇ ಬರುತ್ತೆ" ಎಂದು ಹೇಳತಕ್ಕದ್ದು. ಬಾಗಿಲಲ್ಲೇ ತಡೆದು ಪಾಠ ಹೇಳಿಕೊಟ್ಟು ಒಳಗೆ ಬಿಡುತ್ತಿದ್ದೆ. ನಾದಿನಿ ಹದಿನೈದು ದಿನ ಎಂದಳು, ಅಂಗಡಿಯಾತನ ಹೆಂಡತಿ ಎಂಟೇ ದಿನ ಎಂದಳು, ನಾನು ದಿನಾ ಬೆಳಿಗ್ಗೆ "ಇವತ್ತು ಮುಖದಲ್ಲಿ ಕಳೆ ಇದೆ ಕಣೇ" ಎಂದೆ. ಅವಳು ಎಲ್ಲರಿಗೂ "ಹೂಂ" ಎಂದು ಗೋಡೆಗೆ ತಿರುಗಿದಳು.

ಹಿರಿಯರನ್ನೂ ತಡೆದು ಪಾಠ ಹೇಳಿದೆ. ಅವರು ಬಹಳ ಹೊತ್ತು ಬೆರಳ ತುದಿಗಳನ್ನು ಉಜ್ಜಿಕೊಂಡರು. "ನನಗೆ ಗೊತ್ತಿರೋದು ಕಡ್ಡಿಯ ಲೆಕ್ಕ, ಮೂಗಿನ ಲೆಕ್ಕ ಗೊತ್ತಿಲ್ಲಪ್ಪ. ಸ್ವಲ್ಪ ದಿನ ಕೊಡು" ಎಂದು ಬಾಗಿಲಿಂದಲೇ ಇಳಿದುಹೋದರು. ಮೂರು ವಾರ ಪತ್ತೆಯಿಲ್ಲ. ಅವರು ಬಿಸಿಲಲ್ಲಿ ಕೊಡೆ ಹಿಡಿದು ಕಂಡಕಂಡ ಬೀದಿಯಲ್ಲಿ ಬಾಗಿಲು ತಟ್ಟುತ್ತಿದ್ದರೆಂದು ಯಾರೋ ಹೇಳಿದರು. ಕಷ್ಟದ ಮನೆ ಕಂಡರೆ ದೂರ ಹೋಗುವ ಜಾತಿ ಎಂದುಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಆ ತಡೆತಡೆದು ಹತ್ತುವ ಕಾಲಿನ ಸದ್ದು ಮೆಟ್ಟಿಲ ಮೇಲೆ ಕೇಳಿಸಿತು. ಕೋಟಿನ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣದ ರಟ್ಟು. ಅದರ ಬೆನ್ನಿಗೆ ಸಾಲುಸಾಲಾಗಿ ಗೀಟುಗಳು.

"ಆ ಜ್ವರದಲ್ಲಿ ಮೂಗು ಹೋದವರು ಇಪ್ಪತ್ತೈದು ಜನ ಸಿಕ್ಕಿದರು. ಎಲ್ಲರನ್ನೂ ಕೇಳಿದೆ. ಹತ್ತು ಜನಕ್ಕೆ ವಾಪಸು ಬಂದಿದೆ. ಇಪ್ಪತ್ತೈದು ಸಣ್ಣ ರಾಶಿನೇ, ಆದರೂ ಅಂದಾಜಿಗೆ ನೂರಕ್ಕೆ ನಲವತ್ತು."

ನನ್ನ ತಲೆಗೆ ರಕ್ತ ಏರಿತು. "ನಲವತ್ತಾ? ಅದನ್ನ ಹೇಳೋಕೆ ಮೂರು ವಾರ ಬೇಕಾಯ್ತಾ ನಿಮಗೆ? ಒಳಗೆ ಒಂದು ಜೀವ ಬತ್ತಿ ಹೋಗ್ತಾ ಇದೆ. ನೂರಕ್ಕೆ ನೂರು ಅಂತ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಅದು ನನ್ನ ಕೈಲಾಗಲ್ಲಪ್ಪ."

"ಕೈಲಾಗದಿದ್ರೆ ಮತ್ತೆ ಈ ಮೆಟ್ಟಿಲು ಹತ್ತಬೇಡಿ! ಇಳೀರಿ ಕೆಳಗೆ!"

ಅವರು ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗಿನದರಲ್ಲಿ ಇಟ್ಟು ನಿಂತೇ ಇದ್ದರು. ಆಗ ನನ್ನ ಬೆನ್ನ ಹಿಂದೆ ಧ್ವನಿ ಕೇಳಿತು. ಮೂರು ತಿಂಗಳಲ್ಲಿ ತಾನಾಗಿ ಒಂದು ಪ್ರಶ್ನೆಯನ್ನೂ ಕೇಳದಿದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕೂಗಾಡಬೇಡಿ, ಒಳಗೆ ಬಿಡಿ ಅವರನ್ನ. ಅಣ್ಣಾ, ಎಷ್ಟು ಅಂದ್ರಿ?"

"ನಲವತ್ತು ತಾಯಿ."

"ಅಂದ್ರೆ ಅರವತ್ತು, ಬರಲ್ಲ."

"ಹೌದಮ್ಮ. ಅರವತ್ತು, ಬರಲ್ಲ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಜ್ವರ ಬಿಟ್ಟ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಆ ಮುದುಕರನ್ನು ಎತ್ತಿ ಎಸೆಯುತ್ತಿದ್ದೆನೋ ಏನೋ. ಅಷ್ಟರಲ್ಲಿ ಅವಳು ಸೆರಗಿನಿಂದ ಮೂಗೊರೆಸಿಕೊಂಡು ಕೇಳಿದಳು:

"ಬರದೆ ಇದ್ದವರು ಹದಿನೈದು ಜನ ಆಯ್ತಲ್ಲ, ಅವರೆಲ್ಲ ಈಗ ಏನ್ಮಾಡ್ತಾರೆ? ಅಡುಗೆ ಮಾಡ್ತಾರಾ?"

ಹಿರಿಯರ ಮುಖ ಅರಳಿತು. ಈ ಪ್ರಶ್ನೆ ಬರಬಹುದೆಂದು ರಟ್ಟಿನ ಮೂಲೆಯಲ್ಲಿ ಅದನ್ನೂ ಗೀಟೆಳೆದು ತಂದಿದ್ದರು. "ಒಂಬತ್ತು ಜನ ಮಾಡ್ತಾರೆ. ಇಬ್ಬರ ಮನೆಯಲ್ಲಿ ಊಟ ಮಾಡಿಕೊಂಡೂ ಬಂದೆ."

"ಹೇಗಿತ್ತು?"

"ಒಂದು ಮನೇದು ಚೆನ್ನಾಗಿತ್ತು. ಸ್ಪೂನು ಅಳತೆ ಇಟ್ಟುಕೊಂಡಿದಾರೆ. ಇನ್ನೊಂದು ಮನೇದು..." ಹಿರಿಯರು ನಿಟ್ಟುಸಿರಿಟ್ಟರು. "ಆ ಗಂಡಸಿಗೆ ನೂರು ವರ್ಷ ಆಯುಸ್ಸು ಕೊಡಲಿ ದೇವರು. ದಿನಾ ಅದನ್ನೇ ತಿಂತಾನಂತೆ, ಚೆನ್ನಾಗಿದೆ ಅಂತ ಹೇಳಿಕೊಂಡು."

ಅವಳು ನಕ್ಕಳು. ಕಣ್ಣಲ್ಲಿ ನೀರಿಟ್ಟುಕೊಂಡೇ, ನನ್ನ ಕಡೆ ಕೈ ತೋರಿಸಿ, "ನಮ್ಮನೇಲೂ ಅಂಥದ್ದೇ ಒಂದಿದೆ ಅಣ್ಣಾ, ಸುಳ್ಳಿಗೆ ಹುಟ್ಟಿದ್ದು" ಎಂದು ನಕ್ಕಳು.

ಮರುದಿನ ಅವಳು ಒಲೆಯ ಮುಂದೆ ನಿಂತಳು. ಹಿರಿಯರು ಬಾಗಿಲ ಬಳಿ ಮಣೆಯ ಮೇಲೆ ಕೂತು ಈರುಳ್ಳಿ ಸುಲಿದರು. ಹೊಗೆಯ ಕಾವಲು ಅವರದು, ಉಪ್ಪಿನ ತೀರ್ಪು ಅವರದು, ಅದರಲ್ಲಿ ದಯೆಯೆಂಬುದೇ ಇಲ್ಲ. "ಇವತ್ತು ನೂರಕ್ಕೆ ಐವತ್ತೈದು ತಂಗ್ಯಮ್ಮ, ಹುಳಿ ದಾರಿ ತಪ್ಪಿದೆ" ಎಂದರೆ ಅವಳು ಅರ್ಧ ಸ್ಪೂನು ಕಡಿಮೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವಳು. ತಾನು ಮಾಡಿದ್ದರಲ್ಲಿ ತನಗೇ ರುಚಿಯಿಲ್ಲದಿದ್ದರೂ, ಎಪ್ಪತ್ತು ಬಂದ ದಿನ ಎರಡು ತುತ್ತು ಹೆಚ್ಚು ನುಂಗುವಳು. ನಾನು ಪಕ್ಕದಿಂದ "ತೊಂಬತ್ತು ಕೊಡಬಹುದಿತ್ತು" ಎಂದು ಗೊಣಗಿದರೆ ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸುವರು.

ಒಂದು ಸಂಜೆ ಹಿರಿಯರು ನನ್ನ ಅಂಗಡಿಗೆ ಬಂದು, ಲೇತು ನಿಲ್ಲಿಸುವ ತನಕ ಕಾದು, ಕೋಟಿನ ಗುಂಡಿ ತಿರುವುತ್ತ ಹೇಳಿದರು: "ಅವತ್ತು ನೀನು ಬೈದದ್ದು ತಪ್ಪಲ್ಲಪ್ಪ. ನಾನೂ ಒಂದೇ ಒಂದು ಸಲ ನೂರಕ್ಕೆ ನೂರು ಅಂದಿದೀನಿ. ನಮ್ಮ ಮನೆಯವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಉಳಿತೀನಾ ಅಂತ ಕೇಳಿದಳು. ನೂರಕ್ಕೆ ನೂರು ಅಂದುಬಿಟ್ಟೆ. ಮೂವತ್ತು ವರ್ಷ ಯಾವುದಕ್ಕೂ ಆ ಮಾತು ಆಡದೆ ಇದ್ದವನು ಆಡಿದ ಕೂಡಲೇ ಅವಳಿಗೆ ಎಲ್ಲಾ ಗೊತ್ತಾಗಿಹೋಯ್ತು. ಇನ್ನೂ ನಾಲ್ಕು ದಿನ ಇತ್ತು ಜೀವ. ಆಡೋ ಮಾತು ಎಷ್ಟೋ ಇತ್ತು ನಮಗೆ. ಅವಳು ನನ್ನನ್ನ ಏನೂ ಕೇಳಲಿಲ್ಲ. ನಾನೂ ಏನೂ ಹೇಳೋ ಹಾಗಿರಲಿಲ್ಲ."

ನಾನು ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿದ್ದೇ ಒರೆಸಿದೆ.

ನನ್ನ ಹೆಂಡತಿಯ ನಾಲಿಗೆಗೆ ರುಚಿ ಮರಳಲಿಲ್ಲ. ಅವಳು ಆ ಅರವತ್ತರ ಕಡೆಯೇ ಉಳಿದಳು, ನಾಲ್ಕು ವರ್ಷವಾಯಿತು. ಆದರೆ ಅವಳು ಉಳಿದಳು. ಬಳೆಗಳು ಮತ್ತೆ ಮಣಿಕಟ್ಟಿನಲ್ಲಿ ನಿಲ್ಲುತ್ತಿವೆ, ಅಡುಗೆಮನೆಯ ಗೋಡೆ ಸೀಮೆಸುಣ್ಣದ ಅಂಕಿಗಳಿಂದ ತುಂಬಿ ಎರಡು ಸಲ ತೊಳೆಯಬೇಕಾಯಿತು. ಹಿರಿಯರು ಕಳೆದ ವರ್ಷ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡರು. ಈಗ ತೀರ್ಪು ಹೇಳುವ ಸರದಿ ನನ್ನದು. ತಟ್ಟೆಯ ಮುಂದೆ ಕೂತಾಗ "ಬಹಳ ಚೆನ್ನಾಗಿದೆ" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅವಳು ಸೀಮೆಸುಣ್ಣ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಾಳೆ. ಆ ಮಾತನ್ನು ತುತ್ತಿನ ಜೊತೆ ನುಂಗಿ, ಇದ್ದದ್ದನ್ನು ಹೇಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಸಮಾಧಾನ ಹೇಳುವವರಿಗೆ ಲೋಕದಲ್ಲಿ ಬರವಿಲ್ಲ. ಅವರು ಬರುತ್ತಾರೆ, ಬೆನ್ನು ಸವರುತ್ತಾರೆ, ಹೋಗುತ್ತಾರೆ, ಅವರ ಕಾಳಜಿಯೂ ಸುಳ್ಳಲ್ಲ. ಇದ್ದದ್ದನ್ನು ಇದ್ದಷ್ಟೇ ಅಳೆದು ಕೊಡುವ ಈ ಇನ್ನೊಂದು ಜಾತಿಯವರನ್ನು ನಾವು ಕಲ್ಲೆದೆಯವರೆನ್ನುತ್ತೇವೆ, ಕಾಯಿಲೆಯ ಮನೆಯ ಬಾಗಿಲಲ್ಲಿ ತಡೆಯುತ್ತೇವೆ, ನನ್ನಂಥ ಮುಂಗೋಪಿಗಳು ಮೆಟ್ಟಿಲಿಂದ ಇಳಿಸಲೂ ನೋಡುತ್ತೇವೆ. ಆದರೆ ನೊಂದು ಮಲಗಿದ ಜೀವಕ್ಕೆ ಏಳಲು ಕಾಲೂರುವಷ್ಟು ನೆಲ ಬೇಕು. ಅದು ಮೊಳದಗಲವೇ ಇದ್ದರೂ ಸರಿ, ಗಟ್ಟಿಯಾಗಿರಬೇಕು. ಆ ಮೊಳದಗಲದ ನೆಲವನ್ನು ಹುಡುಕಿಕೊಂಡು, ನೋಯುವ ಮೊಣಕಾಲನ್ನೆಳೆಯುತ್ತ, ಇಪ್ಪತ್ತೈದು ಮನೆಯ ಬಾಗಿಲು ತಟ್ಟಿ ಬರುವವರ ಪ್ರೀತಿ ಎಂಥದೆಂದು ನಮಗೆ ತಿಳಿಯುವ ಹೊತ್ತಿಗೆ, ಸಾಮಾನ್ಯವಾಗಿ, ಕ್ಷಮೆ ಕೇಳಲು ಅವರಿರುವುದಿಲ್ಲ.