ಮುಳ್ಳಣ್ಣನ ಕೈಗುಣ

ಕೈಗಡಿಯಾರ ರಿಪೇರಿ ಮಾಡುವ ಅವನನ್ನು ಬೀದಿಯವರು ಮುಳ್ಳಣ್ಣ ಎನ್ನುತ್ತಿದ್ದರು. ಗಡಿಯಾರದ ಮುಳ್ಳಿಗೋ ಅವನ ನಾಲಿಗೆಯ ಮುಳ್ಳಿಗೋ, ಯಾರೂ ಬಿಡಿಸಿ ಹೇಳಿರಲಿಲ್ಲ. ಅವನೂ ಕೇಳುವ ಧೈರ್ಯ ಮಾಡಿರಲಿಲ್ಲ.

ಈಚೆಗೆ ಅವನು ರಿಪೇರಿ ಮಾಡಿಕೊಟ್ಟ ಗಡಿಯಾರಗಳೆಲ್ಲ ಬಾಲಕ್ಕೆ ಬೆಂಕಿ ಹತ್ತಿದ ಹಾಗೆ ಮುಂದಕ್ಕೆ ಓಡುತ್ತಿದ್ದವು. ಪಕ್ಕದ ದರ್ಜಿ ಮತ್ತೆ ಬಂದು, "ಅಣ್ಣಾ, ಇದನ್ನ ನಂಬ್ಕೊಂಡು ಊಟಕ್ಕೆ ಹೋದ್ರೆ ಮನೇಲಿ ಇನ್ನೂ ಒಲೇನೇ ಹಚ್ಚಿರಲ್ಲ" ಎಂದ. ಮುಳ್ಳಣ್ಣ ಮೊದಲು ದರ್ಜಿಯನ್ನು ಬೈದ, ಆಮೇಲೆ ಗಡಿಯಾರಕ್ಕೆ ಬಿಡುವ ಎಣ್ಣೆಯನ್ನು ಬೈದ, ಬೈಯಲು ಇನ್ನೇನೂ ಉಳಿಯದಾಗ ತನ್ನ ಕೈಯನ್ನೇ ನೋಡಿಕೊಂಡ. ಕೈ ಹೋಯಿತು, ವಯಸ್ಸಾಯಿತು, ಇನ್ನು ಅಂಗಡಿ ಮುಚ್ಚುವುದೇ ಮರ್ಯಾದೆ ಎಂದು ತೀರ್ಮಾನಿಸಿದ.

ಹೆಂಡತಿಗೆ ಹೇಳಲೆಂದು ಅಂಗಡಿಯ ಹಿಂದಿನ ಅಡುಗೆಮನೆಗೆ ಹೋದ. ಅವಳು ಉಕ್ಕಿನ ಕೋಲಿಗೆ ಚಾಕು ಮಸೆಯುತ್ತಿದ್ದಳು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಕಣ್ಣು ಚಾಕುವಿನ ಮೇಲೆ ಬಿತ್ತು. ಅಲಗಿನುದ್ದಕ್ಕೂ ಉಕ್ಕಿನ ಕಪ್ಪು ಪುಡಿ ಕುರುಚಲು ಗಡ್ಡದ ಹಾಗೆ ನಿಮಿರಿ ನಿಂತಿತ್ತು.

"ಇದೇನಿದು?"

"ನೀವು ತಂದ ಆಯಸ್ಕಾಂತದ ಪಟ್ಟಿ ಕಣ್ರೀ. ಅದಕ್ಕೆ ಅಂಟಿ ಅಂಟಿ ಚಾಕೂ ಆಯಸ್ಕಾಂತ ಆಗಿದೆ. ಮಸೆದ ಪುಡಿ ಎಷ್ಟು ಒರೆಸಿದ್ರೂ ಬಿಡಲ್ಲ."

ಚಾಕು ಅಂಟಿಸಿಡಲೆಂದು ಆ ಪಟ್ಟಿ ತಂದು, ಅಂಗಡಿಗೂ ಅಡುಗೆಮನೆಗೂ ನಡುವಿನ ತೆಳ್ಳನೆಯ ಹಲಗೆಗೆ ಕೂರಿಸಿದವನು ಅವನೇ. ಅದೇ ಹಲಗೆಯ ಆಚೆ ಬದಿಗೆ ರಿಪೇರಿಯಾದ ಗಡಿಯಾರಗಳನ್ನು ತೂಗುಹಾಕುತ್ತಿದ್ದವನೂ ಅವನೇ. ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಆಯಸ್ಕಾಂತ ತಾಗಿ ಒಂದಕ್ಕೊಂದು ಅಂಟಿಕೊಂಡರೆ ಗಡಿಯಾರ ಮುಂದಕ್ಕೆ ಓಡದೆ ಇನ್ನೇನು ಮಾಡೀತು? ಗಿರಾಕಿಗಳಿಗೆಲ್ಲ "ರೇಡಿಯೋ ಮೇಲೆ ಗಡಿಯಾರ ಇಡಬೇಡಿ, ಒಳಗೆ ಆಯಸ್ಕಾಂತ ಇರ್ತದೆ" ಎಂದು ಪಾಠ ಹೇಳುತ್ತಿದ್ದ ಮಹಾಪಂಡಿತ!

ಅಂಗಡಿ ಮುಚ್ಚಲು ಹೊರಟಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟ. ನಗುತ್ತಾ ಪಟ್ಟಿ ಬಿಚ್ಚಲು ಹೋದರೆ ಹೆಂಡತಿ ಅಡ್ಡ ನಿಂತಳು.

"ಮದುವೆ ಆದಾಗಿನಿಂದ ನೀವು ತಂದಿದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ. ಮುಟ್ಟಬೇಡಿ. ನಿಮ್ಮ ಗಡಿಯಾರಗಳನ್ನ ಎದುರು ಗೋಡೆಗೆ ಹಾಕ್ಕೊಳ್ಳಿ."

ಕೈ ಕೆಟ್ಟಿಲ್ಲ ಎಂಬ ಸಂತೋಷಕ್ಕೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎದುರು ಗೋಡೆಗೆ ಮೊಳೆ ಇಟ್ಟು ಸುತ್ತಿಗೆ ಬೀಸಿದ. ಮೊದಲ ಏಟೇ ಹೆಬ್ಬೆರಳಿಗೆ ಬಿತ್ತು.

ಬಟ್ಟೆ ಸುತ್ತುತ್ತಾ ಹೆಂಡತಿ, "ಇನ್ನು ಒಂದು ವಾರ ಅಂಗಡಿ ಮುಚ್ಚಿ" ಎಂದಳು.

"ಒಂದೇ ವಾರ ತಾನೆ?" ಎಂದ ಮುಳ್ಳಣ್ಣ, ನೋವಿಗೆ ಮುಖ ಹಿಂಡಿಕೊಂಡೇ. ಜನ್ಮದಲ್ಲಿ ಅವನು ಅಷ್ಟು ಖುಷಿಯಿಂದ ಅಂಗಡಿಗೆ ಬೀಗ ಹಾಕಿರಲಿಲ್ಲ.