ಅಮ್ಮಾ ಅಂದವನು

ಕಾರವಾರದಿಂದ ಬಂದ ನೌಕಾಪಡೆಯ ಸಾಹೇಬರು ನಮ್ಮ ಹಿರಿಯೂರಿನ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಅವ್ವ ಕೊಟ್ಟ ಟೀ ಮುಟ್ಟಿರಲಿಲ್ಲ.

"ಇದು ನಿಮ್ಮ ಮಗನೇನಾ, ನೋಡಿ ಹೇಳಿ ತಾಯಿ. ಈಗ ಕಂಪ್ಯೂಟರಿನಲ್ಲಿ ಸತ್ತವರ ಬಾಯಲ್ಲೂ ಮಾತಾಡಿಸ್ತಾರೆ."

ಸತ್ತವರು ಅಂದದ್ದಕ್ಕೆ ಅವರೇ ನಾಲಿಗೆ ಕಚ್ಚಿಕೊಂಡರು.

ನನ್ನ ತಮ್ಮ ಎರ್ರಿಸ್ವಾಮಿ ಯುದ್ಧನೌಕೆಯ ಮೇಲಿಂದ ಫೈಟರ್ ವಿಮಾನ ಹಾರಿಸುವವನು. ಜೊತೆಯವರಿಗೆ ಅವನು 'ಎರಿಕ್'. "ದೇವ್ರ ಹೆಸ್ರನ್ನ ಅರ್ಧಕ್ಕೆ ಮುರೀತಾರಲ್ಲೇ" ಅಂತ ಅವ್ವನಿಗೆ ಇವತ್ತಿಗೂ ಸಿಟ್ಟು. ಹೋದ ವರ್ಷ ಕೆಟ್ಟ ವಿಮಾನವನ್ನು ಬಿರುಗಾಳಿಯಲ್ಲಿ ಹಡಗಿನ ಮೇಲೆ ಇಳಿಸಿದ್ದಕ್ಕೆ ನೌಸೇನಾ ಪದಕ ಬಂದಿತ್ತು. ಈ ಯುದ್ಧದಲ್ಲಿ ಅವನ ವಿಮಾನ ಹೊಡೆತ ತಿಂದು ಸಮುದ್ರಕ್ಕೆ ಬಿತ್ತು. ಪ್ಯಾರಾಚೂಟ್ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಆಮೇಲೆ ಶತ್ರುಗಳು ಬಿಟ್ಟದ್ದು ಈ ವಿಡಿಯೋ.

ಊದಿದ ಮುಖ, ಮುಚ್ಚಿಹೋದ ಒಂದು ಕಣ್ಣು. "ಅಮ್ಮಾ, ನಾನು ಆರೋಗ್ಯವಾಗಿದ್ದೇನೆ. ಇವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ."

ಸಾಹೇಬರು ಅಲ್ಲಿಗೆ ನಿಲ್ಲಿಸಿದರು. ಅವ್ವನ ಉಗುರು ನನ್ನ ಮೊಣಕೈಗೆ ಇಳಿಯಿತು.

"ಯಮುನಾ, ದನಿ ಅವಂದೇ. ಮಾತು ಅವಂದಲ್ಲ."

"ಸುಮ್ನಿರವ್ವ."

"ಹುಟ್ಟಿದಾಗಿಂದ ನನ್ನನ್ನ ಅಮ್ಮ ಅಂದಿಲ್ಲ ಕಣೇ ಅವ್ನು. ಮೈ ಕೆಂಡ ಆಗಿದ್ರೂ 'ಅರಾಮೈದೀನಿ ಬಿಡವ್ವ' ಅನ್ನೋನು. ಇದ್ಯಾರು, ರೇಡಿಯೋದಲ್ಲಿ ವಾರ್ತೆ ಓದೋನು?"

ಪಕ್ಕದ ಮನೆಯ ಖಾತುನ್ ಬೀ ಬಾಗಿಲಲ್ಲೇ ನಿಂತಿದ್ದಳು. "ಬರ್ದು ಕೊಟ್ಟು ಓದ್ಸವ್ರೆ ಏಕಾಂತಮ್ಮ, ಅಷ್ಟೇಯ."

"ಓದ್ಸಿದ್ರೂ ಅವನ ಬಾಯಿಗೆ ಅವ್ವ ಅಂತಾನೇ ಬರ್ತಿತ್ತು."

ಅವ್ವ 'ಅವನಲ್ಲ' ಅಂದರೆ ಸಾಹೇಬರೂ ಹೋಗಿ ಹಾಗೇ ಹೇಳುತ್ತಾರೆ. ಆಮೇಲೆ ಬಿಡಿಸಿಕೊಡಿ ಅಂತ ಕೇಳುವುದು ಯಾರನ್ನ? ಸಮುದ್ರವನ್ನ?

"ಹೌದು ಅಂದ್ಬಿಡವ್ವ, ನಿನ್ನ ಕಾಲಿಗೆ ಬೀಳ್ತೀನಿ," ಪಿಸುಗುಟ್ಟಿದೆ.

"ನಾನು ಹೌದು ಅಂದ್ರೆ ಹೋದ ಜೀವ ಬರ್ತೈತೇನೇ?" ಅವ್ವ ಸಾಹೇಬರ ಕಡೆ ತಿರುಗಿದಳು. "ಇನ್ನೊಂದ್ಸಲ ಹಾಕ್ರಿ. ಪೂರ್ತಿ ಹಾಕ್ರಿ."

"ಮುಂದೆ ಮಾತೇನೂ ಇಲ್ಲ ತಾಯಿ. ನೀವು ನೋಡೋದು ಬೇಡ ಅಂತ..."

"ಹಾಕ್ರೀ ಅಂದೆ."

ಹಾಕಿದರು. ಮಾತು ಮುಗಿಯಿತು. ಯಾರದೋ ಕೈ ಬಂದು ಅವನ ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿತು. ನೆಟ್ಟಗೆ ನಿಲ್ಲುವ ಮೊದಲೇ, ಕಚ್ಚಿದ ಹಲ್ಲಿನ ಸಂದಿಯಿಂದ ಹೊರಗೆ ಬಂತು:

"ಯವ್ವಾ!"

ಪರದೆ ಕಪ್ಪಾಯಿತು.

"ಇವ್ನೇ ರೀ!" ಅವ್ವ ಎದ್ದು ನಿಂತಿದ್ದಳು. "ಬರ್ಕಳ್ರಿ, ನನ್ನ ಮಗನೇ! ಬದುಕವ್ನೆ!"

ಖಾತುನ್ ಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಾಹೇಬರು ಫೋನು ಹಿಡಿದು ಅಂಗಳಕ್ಕೆ ಓಡಿದರು. ಅವ್ವ ನಗುತ್ತಲೇ ಇದ್ದಳು. ನಗುನಗುತ್ತ ಗೋಡೆಗೆ ಒರಗಿ, ಕುಸಿದು ಕೂತಳು.

"ಅದೆಲ್ಲಿಗೆ ಹೊಡ್ದವ್ರೆ ಯಮುನಾ?" ಅಂದಳು. "ಸೊಂಟಕ್ಕೇನೇ?"